ಬೂದಿಗುಡ್ಡದ ಎಲೆಯಿಲ್ಲದ ಹೂ

ನನ್ನ ಚಿಕ್ಕಮ್ಮ ಹೂವು ಕಾಯುವ ಕೆಲಸಕ್ಕೆ ಸೇರಿದಾಗ ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆ ಕಾಯುವವರನ್ನು ನೋಡಿದ್ದೇವೆ, ಗೇಟು ಕಾಯುವವರನ್ನು ನೋಡಿದ್ದೇವೆ; ಬೂದಿಗುಡ್ಡದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಂತಿಬೇಲಿಯೊಳಗಿನ ಒಂದು ಹಿಡಿ ಕಡ್ಡಿಗಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಯಾವ ಸೀಮೆಯ ನೌಕರಿ? ಹೂವಾದರೂ ಎಂಥದ್ದು ಅಂತೀರಿ! ಎಲೆಯಿಲ್ಲ, ಹಸಿರೆಂಬುದು ಮೊದಲೇ ಇಲ್ಲ. ಮಾಸಲು ಬಣ್ಣದ ದಂಟು, ಅದರ ತುದಿಯಲ್ಲಿ ತಲೆ ತಗ್ಗಿಸಿಕೊಂಡ ಪುಟ್ಟ ಕಂದು ಹೂಗಳು. ಒಣಕಡ್ಡಿ ಎಂದು ತುಳಿದುಕೊಂಡೇ ಹೋಗಬಹುದು.

“ಇದಕ್ಕೊಂದು ಬೇಲಿ ಬೇರೆ ಕೇಡು,” ಎಂದೆ ನಾನು.

“ನಗು, ನಗು. ಕೂತಲ್ಲಿಗೇ ಸಂಬಳ ಬರುತ್ತೆ. ನಿನ್ನ ಹಾಗೆ ಕಂಡವರ ಸೊಂಟದ ಅಳತೆ ತಗೊಂಡು ಬದುಕೋ ಗತಿ ನನಗಿಲ್ಲ,” ಎಂದಳು ಚಿಕ್ಕಮ್ಮ.

ನನ್ನದು ಹೊಲಿಗೆ ಅಂಗಡಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಈ ಚಿಕ್ಕಮ್ಮ, ಅಮ್ಮನ ತಂಗಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂದು ಕೂತರೆ ಬೇಕಾದಷ್ಟಿದೆ. ಆದರೆ ಅವಳು ಒಂದು ಸುಳ್ಳು ಹೇಳಿದ್ದಳು. ಒಂದೇ ವಾಕ್ಯದ ಸುಳ್ಳು. ಅದನ್ನು ಬಿಟ್ಟು ಬರೆದರೆ ಅವಳ ಬದುಕು ಅರ್ಥವೇ ಆಗುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಬೀದಿಯ ತುದಿಗೆ ಒಂದು ಕಾರ್ಖಾನೆ ಇತ್ತು. ಅದರ ಕುಲುಮೆಗಳಿಗೆ ಕಲ್ಲಿದ್ದಲು ಹಾಕುವುದು, ಬೂದಿ ತೆಗೆಯುವುದು, ಹಗಲೂ ರಾತ್ರಿ ಇದೇ. ಆ ಬೂದಿಯನ್ನು ಹಿಂದಿನ ಬಯಲಿಗೆ ಸುರಿದು ಸುರಿದು ಅದೊಂದು ಗುಡ್ಡವಾಗಿತ್ತು. ಗಾಳಿ ನಮ್ಮ ಕಡೆ ತಿರುಗಿದ ದಿನ ತಟ್ಟೆ ಒರೆಸಿಕೊಂಡೇ ಊಟಕ್ಕೆ ಕೂರಬೇಕು, ಒಣಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕು. ಚಿಕ್ಕಮ್ಮ ಅಲ್ಲಿ ನೀರು ಕೊಡುವವಳು. ಬೂದಿ ಕೆಲಸದವರು ತಮ್ಮ ಜಾಗ ಬಿಟ್ಟು ಬರುವಂತಿರಲಿಲ್ಲ; ಪಾಳಿಯ ನಡುವೆ ಒಂದು ಸಲ ಇವಳೇ ನೀರಿನ ಕ್ಯಾನು ಹೊತ್ತುಕೊಂಡು ಅವರಿದ್ದಲ್ಲಿಗೆ ಹೋಗಬೇಕು. ಎಲ್ಲರೂ ಅವಳನ್ನು ನೀರಮ್ಮ ಎನ್ನುತ್ತಿದ್ದರು. ಅವಳ ಗಂಡ, ನನ್ನ ಚಿಕ್ಕಪ್ಪ, ಬೂದಿ ಕೆಲಸದವರಲ್ಲೇ ಒಬ್ಬ. “ಮನೇಲಿ ಕೇಳಿದ್ರೆ ಒಂದು ಲೋಟ ನೀರು ಹುಟ್ಟಲ್ಲ, ಇಲ್ಲಿ ನೋಡಿ, ಗುಡ್ಡ ಹತ್ತಿ ತಂದುಕೊಡ್ತಾಳೆ,” ಎಂದು ದಿನಾ ಅದೇ ಹಾಸ್ಯ ಮಾಡುತ್ತಿದ್ದ. ದಿನಾ ಎಲ್ಲರೂ ನಗುತ್ತಿದ್ದರು.

ಅವನ ಜೊತೆಗಾರನಿಗೆ ಸೀಟಿ ಎಂದೇ ಹೆಸರು, ಬಾಯಲ್ಲಿ ಸದಾ ಸೀಟಿ ಹೊಡೆಯುತ್ತಿದ್ದುದರಿಂದ. ಮದುವೆಯಾಗಿರಲಿಲ್ಲ, ತಾಯಿಗೆ ಒಬ್ಬನೇ ಮಗ. ಅವನದೂ ಚಿಕ್ಕಪ್ಪನದೂ ಒಂದೇ ಮೈಕಟ್ಟು. ಹಿಂದಿನಿಂದ ನೋಡಿ ಗಂಡನೆಂದುಕೊಂಡು ಚಿಕ್ಕಮ್ಮ ಸೀಟಿಗೆ ಮಂಗಳಾರತಿ ಮಾಡಿದ್ದೂ ಉಂಟು. ಇಬ್ಬರಿಗೆ ಎರಡು ಜಾಗ. ಒಂದು ಮೇಲಿನ ಹಲಗೆ: ಗುಡ್ಡದ ನೆತ್ತಿಯಲ್ಲಿ ಮರದ ದಪ್ಪ ಹಲಗೆಗಳನ್ನು ಹಾಸಿದ್ದರು, ಅದರ ಮೇಲೆ ನಿಂತು ಬಿಸಿ ಬೂದಿಯನ್ನು ಉದ್ದನೆಯ ಕೋಲಿನಿಂದ ಕೆಳಕ್ಕೆ ಎಳೆಯಬೇಕು. ಇನ್ನೊಂದು ಕೆಳಗಿನ ಕೊಳವೆ ಬಾಯಿ: ಮೇಲಿನಿಂದ ಬಂದ ಬೂದಿ ಅದರಲ್ಲಿ ಕಟ್ಟಿಕೊಳ್ಳದ ಹಾಗೆ ಬಿಡಿಸುತ್ತಿರಬೇಕು. ಮೇಲೆ ನಿಂತವನಿಗೆ ಕಾಲು ಬೇಯುತ್ತದೆ, ಎದೆಗೆ ಧೂಳು ಇಳಿಯುತ್ತದೆ. ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಯಾರಿಗೆ ಯಾವ ಜಾಗ ಎಂದು ಹೇಳಿ ಆ ಜಾಗದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಅದನ್ನು ತಂತಿಯಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬೇಕು. ಜಾಗ ಬದಲಾಯಿಸಿದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

ಆದರೆ ಇವರಿಬ್ಬರು ತಮ್ಮೊಳಗೇ ಒಂದು ಏರ್ಪಾಟು ಮಾಡಿಕೊಂಡಿದ್ದರು. ಅರ್ಧ ಪಾಳಿ ನೀನು ಬೇಯಿ, ಅರ್ಧ ಪಾಳಿ ನಾನು ಬೇಯುತ್ತೇನೆ. ನೀರು ಬಂತೆಂದರೆ ಬದಲಿ. ಚಿಕ್ಕಮ್ಮ ಕೊಟ್ಟ ನೀರು ಕುಡಿದು, ಅವಳು ಬೆನ್ನು ತಿರುಗಿಸಿದ ಕೂಡಲೇ ಬಿಲ್ಲೆ ಅದಲುಬದಲು ಮಾಡಿಕೊಂಡು ಮೇಲಿನವನು ಕೆಳಗೆ, ಕೆಳಗಿನವನು ಮೇಲೆ. ಮೇಸ್ತ್ರಿ ಬಂದು ನೋಡಿದರೆ ಜಾಗಕ್ಕೆ ಸರಿಯಾದ ಬಿಲ್ಲೆ ಇರುತ್ತಿತ್ತು. ಬೂದಿ ಮೆತ್ತಿದ ಮುಖಗಳನ್ನು ಅವನು ಯಾವತ್ತೂ ಸರಿಯಾಗಿ ನೋಡಲಿಲ್ಲ.

ಅವತ್ತು ಬೆಳಿಗ್ಗೆ ಮೇಲಿನ ಹಲಗೆ ಸೀಟಿಯದು, ಕೆಳಗಿನ ಕೊಳವೆ ಚಿಕ್ಕಪ್ಪನದು. ಪಾಳಿಯ ನಡುವೆ ಗುಡ್ಡದ ಒಂದು ಮಗ್ಗುಲು ಕುಸಿಯಿತು. ಒಳಗಿನ ಬೂದಿ ಇನ್ನೂ ಕೆಂಡದಂತಿತ್ತು. ಹಲಗೆಯ ಸಮೇತ ಅದರ ಮೇಲಿದ್ದವನು ಎಲ್ಲಿಗೆ ಜಾರಿಹೋದನೋ ಯಾರಿಗೂ ತಿಳಿಯಲಿಲ್ಲ. ಕೊಳವೆ ಬಾಯಿಯಲ್ಲಿದ್ದವನು ಸಂಜೆಗೆ ಸಿಕ್ಕ. ಮುಖ ಮೈ ಒಂದೂ ಗುರುತು ಸಿಗುವಂತಿರಲಿಲ್ಲ. ಅಯ್ಯೋ, ಅದನ್ನು ನಾನು ಬರೆಯಲಾರೆ. ಕೊರಳಲ್ಲಿ ಕೆಳಗಿನ ಕೊಳವೆಯ ಬಿಲ್ಲೆ ಇತ್ತು. ಮೇಸ್ತ್ರಿ ಚಿಕ್ಕಪ್ಪನ ಹೆಸರು ಹೇಳಿದ. ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ನಮ್ಮ ಮನೆಗೆ ತಂದರು.

ಸೀಟಿಯ ತಾಯಿ ಓಡಿಬಂದಳು. ಮಗ ಮತ್ತು ಅವನ ಜೊತೆಗಾರನ ಏರ್ಪಾಟು ಅವಳಿಗೂ ಗೊತ್ತಿತ್ತು. ಚಿಕ್ಕಮ್ಮನ ಎರಡೂ ತೋಳು ಹಿಡಿದು ಅಲುಗಾಡಿಸಿ ಕೇಳಿದಳು, “ನೀರು ಕುಡಿದಿದ್ರಾ? ಒಂದು ಮಾತು ಹೇಳಮ್ಮ. ಅವರು ನೀರು ಕುಡಿದಿದ್ರಾ, ಇಲ್ವಾ?”

ನೀರು ಕುಡಿದಿದ್ದರೆ ಆ ಬಟ್ಟೆಯೊಳಗಿರುವುದು ಸೀಟಿ. ಕುಡಿದಿರದಿದ್ದರೆ ಚಿಕ್ಕಪ್ಪ.

“ಇಲ್ಲ,” ಎಂದಳು ಚಿಕ್ಕಮ್ಮ. “ನಾನಿನ್ನೂ ಅವರ ಹತ್ರ ಹೋಗೇ ಇರ್ಲಿಲ್ಲ.”

“ಹಾಗಾದ್ರೆ ಕಾಲು ಒಂದು ಸಲ ನೋಡ್ತೀನಿ. ಹೆತ್ತ ಕಣ್ಣು, ಗುರುತು ಹಿಡಿಯುತ್ತೆ.”

“ನನ್ನ ಗಂಡನ ಮೈಯನ್ನ ನಾನು ಯಾರಿಗೂ ಬಿಚ್ಚಿ ತೋರಿಸಲ್ಲ.”

ಸುಳ್ಳು ಇಷ್ಟೇ. ಅವಳು ಹೋಗಿದ್ದಳು. ಇಬ್ಬರೂ ನೀರು ಕುಡಿದಿದ್ದರು. ಚಿಕ್ಕಪ್ಪ ಅದೇ ಹಳೆಯ ಹಾಸ್ಯ ಮಾಡಿದ್ದ. ಅವಳು ಖಾಲಿ ಕ್ಯಾನು ಹಿಡಿದು ಗೇಟಿನ ಕಡೆ ನಡೆಯುವಾಗ ಸೀಟಿ ಹೊಡೆಯುವ ಸದ್ದು ಕೆಳಗಿನ ಕೊಳವೆಯ ಕಡೆಯಿಂದ ಬರುತ್ತಿತ್ತು.

ಸಮಾಧಿಯಾಯಿತು. ಹಲಗೆಯವನಿಗಾಗಿ ಕೆಲವು ದಿನ ಅಗೆದು, ಸಿಗಲಿಲ್ಲವೆಂದು ಕೈಬಿಟ್ಟರು. ಕುಸಿದ ಮಗ್ಗುಲನ್ನು ಹಾಗೇ ಬಿಟ್ಟು ಬೂದಿಯನ್ನು ಇನ್ನೊಂದು ಕಡೆ ಸುರಿಯತೊಡಗಿದರು. ಸೀಟಿಯ ತಾಯಿ ಬರಬರುತ್ತಾ ಬೀದಿಗೆಲ್ಲ ಅಜ್ಜಿಯಾದಳು. ನಲ್ಲಿಯ ಹತ್ತಿರ, ಅಂಗಡಿಯ ಮುಂದೆ, ಎಲ್ಲಿ ಸಿಕ್ಕರೂ ಅವಳದು ಒಂದೇ ಮಾತು. “ಕುಡಿದಿರ್ಲಿಲ್ಲ ಅಲ್ವೇನಮ್ಮ?” ಜಗಳದ ದನಿಯಲ್ಲ, ಸುಮ್ಮನೆ, ಅಕ್ಕಿ ಹೇಗೆ ಕೊಟ್ಟ ಎಂದು ಕೇಳುವ ಹಾಗೆ. ಚಿಕ್ಕಮ್ಮ ತಲೆಯಾಡಿಸಿ ಬೇರೆ ಓಣಿ ಹಿಡಿಯುತ್ತಿದ್ದಳು. ವಾರಕ್ಕೊಮ್ಮೆ ಸ್ಮಶಾನಕ್ಕೆ ಹೋಗಿ ಸಮಾಧಿಯ ಸುತ್ತ ಹುಲ್ಲು ಕಿತ್ತು ಬರುತ್ತಿದ್ದಳು. ಎಷ್ಟೋ ಸಲ ಅವಳು ಹೋಗುವಷ್ಟರಲ್ಲಿ ಯಾರೋ ನೀಟಾಗಿ ಗುಡಿಸಿರುತ್ತಿದ್ದರು. “ಅಲ್ಲಿಯ ಕಾವಲುಗಾರ ಒಳ್ಳೆಯವನು ಕಣೆ,” ಎನ್ನುತ್ತಿದ್ದಳು.

ಮುಂದೆ ಕಾರ್ಖಾನೆ ಮುಚ್ಚಿತು. ಗುಡ್ಡ ತಣ್ಣಗಾಯಿತು, ಮೇಲೆ ಪಾಚಿ ಹತ್ತಿತು, ಪೊದೆಗಳು ಎದ್ದವು. ನನ್ನ ತಲೆಯಲ್ಲೂ ಒಂದೆರಡು ಬಿಳಿ ಕೂದಲು ಕಾಣಿಸಿದ ಕಾಲಕ್ಕೆ ಬಂದವರು ಹೂವಿನ ಮೇಡಂ. ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುವವರು. ಕುಸಿದ ಮಗ್ಗುಲಿನಲ್ಲಿ ಈ ಎಲೆಯಿಲ್ಲದ ಹೂವನ್ನು ಕಂಡು ಬೂದಿಯಲ್ಲೇ ಮಂಡಿಯೂರಿ ಕೂತುಬಿಟ್ಟರಂತೆ. ಆರ್ಕಿಡ್ ಜಾತಿ, ಈ ನೆಲದ್ದೇ ಹೂವು, ಕಾಡು ಕಡಿದ ಮೇಲೆ ಎಲ್ಲೂ ಉಳಿದಿಲ್ಲ ಎಂದು ಎಲ್ಲರೂ ಕೈತೊಳೆದುಕೊಂಡಿದ್ದ ಹೂವು. ಬೇಲಿ ಹಾಕಿಸಿದರು. ಗುಡ್ಡಕ್ಕೆ ಹತ್ತಿರದ ಮನೆ ನಮ್ಮದೇ, ಹಾಗಾಗಿ ಕಾಯುವ ಕೆಲಸ ಚಿಕ್ಕಮ್ಮನಿಗೆ ಬಂತು.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಕೊಡಲು ಹೋದಾಗ ಮೇಡಂ ಬೇಲಿಯೊಳಗೆ ಬೋರಲು ಮಲಗಿ ಹೂವನ್ನು ಮೂಸುತ್ತಿದ್ದರು.

“ಬನ್ನಿ, ವಾಸನೆ ನೋಡಿ,” ಎಂದರು.

ನಾನೂ ಬಗ್ಗಿದೆ. ಕೊಳೆಯಲು ಶುರುವಾದ ಬಾಳೆಹಣ್ಣಿನ ವಾಸನೆ.

“ಹಣ್ಣು ಕೊಳೆತಿದೆ ಅಂದ್ಕೊಂಡು ಸಣ್ಣ ನೊಣಗಳು ಬರ್ತವೆ. ಒಳಗೆ ಹಣ್ಣೂ ಇಲ್ಲ, ಜೇನೂ ಇಲ್ಲ. ಪರಾಗ ಮೈಗೆ ಮೆತ್ತಿಸಿ ಕಳಿಸಿಬಿಡುತ್ತೆ.”

“ಮೋಸಗಾತಿ!” ಎಂದು ಚಿಕ್ಕಮ್ಮ ನಕ್ಕಳು. “ಎಲೆ ಬೇರೆ ಇಲ್ಲ. ಹೊಟ್ಟೆಗೇನು ಮಾಡ್ತಾಳೆ?”

“ಅದೇ ವಿಶೇಷ. ಬೇರೆ ಗಿಡಗಳು ಎಲೇಲಿ ಅಡುಗೆ ಮಾಡ್ಕೋತಾವೆ. ಇದು ಒಲೇನೇ ಹಚ್ಚಲ್ಲ. ಕೆಳಗೆ ಆಲೂಗಡ್ಡೆ ಥರ ಒಂದು ಗೆಡ್ಡೆ ಇರುತ್ತೆ. ಅದಕ್ಕೆ ಒಂದು ಜಾತಿ ಅಣಬೆಯ ಬಿಳಿ ಎಳೆಗಳು ಊಟ ತಂದುಕೊಡ್ತವೆ. ಬೀಜ ಧೂಳಿಗಿಂತ ಸಣ್ಣದು, ಒಳಗೆ ಬುತ್ತೀನೇ ಇಲ್ಲ; ಆ ಅಣಬೆ ಸಿಕ್ಕಿದ್ರೆ ಬದುಕಿತು, ಸಿಗದಿದ್ರೆ ಇಲ್ಲ. ಸಿಕ್ಕ ಮೇಲೂ ವರ್ಷಗಟ್ಟಲೆ ನೆಲದೊಳಗೇ ಇರುತ್ತೆ. ಶಕ್ತಿ ಬಂದ ವರ್ಷ ಮೇಲೆ ಬಂದು ಹೂ ಬಿಟ್ಟು, ಮತ್ತೆ ಮಾಯ. ಕುಂಡಕ್ಕೆ ಎತ್ತಿಡೋಕೂ ಆಗಲ್ಲ. ಎಳೆ ಹರಿದ್ರೆ ಸತ್ತೇಹೋಗುತ್ತೆ.”

“ಆ ಅಣಬೆಗೆ ಊಟ ಎಲ್ಲಿಂದ?” ಎಂದಳು ಚಿಕ್ಕಮ್ಮ, ಡಬ್ಬಿ ಬಿಚ್ಚುತ್ತಾ.

“ಕೊಳೆತ ಮರದಿಂದ. ನನಗೆ ತಲೆ ಕೆಟ್ಟಿರೋದು ಅದಕ್ಕೇ. ಬರೀ ಬೂದಿಯಲ್ಲಿ ಮರ ಎಲ್ಲಿಂದ ಬರಬೇಕು? ಇದರ ಕೆಳಗೆ ಎಲ್ಲೋ ದೊಡ್ಡ ಮರದ ತುಂಡು ಹೂತುಹೋಗಿರಬೇಕು.”

ಡಬ್ಬಿಯ ಮುಚ್ಚಳ ಚಿಕ್ಕಮ್ಮನ ಕೈಯಲ್ಲೇ ನಿಂತಿತು. ಆ ಮಧ್ಯಾಹ್ನ ಒಂದು ತುತ್ತೂ ತಿನ್ನಲಿಲ್ಲ. ಆ ಗುಡ್ಡದಲ್ಲಿ ಮರವೆಂಬುದು ಇದ್ದದ್ದು ಒಂದೇ ಕಡೆ, ಮೇಲಿನ ಹಲಗೆಯಲ್ಲಿ.

ಸಂಜೆ ನಾನು ಇಸ್ತ್ರಿ ಹಾಕುತ್ತಿದ್ದೆ. ಅವಳು ಎದುರು ಕೂತು ಎಲ್ಲವನ್ನೂ ಹೇಳಿದಳು, ನೀರು, ಸೀಟಿಯ ಸದ್ದು, ಬಿಚ್ಚದ ಬಟ್ಟೆ, ಎಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಸ್ತ್ರಿಪೆಟ್ಟಿಗೆ ಕುಕ್ಕಿದೆ.

“ಆ ಮುದುಕಿ ಇಷ್ಟು ವರ್ಷ ಕೊರಗಿ ಸೊರಗಿದ್ದನ್ನ ನೋಡ್ಕೊಂಡು ಹೇಗೆ ಸುಮ್ಮನಿದ್ದೆ ಚಿಕ್ಕಮ್ಮ? ನಿನ್ನ ಎದೆ ಏನು ಕಲ್ಲಾ?”

“ಹೆಣ ಮನೆಗೆ ಬಂದಿತ್ತು ಕಣೆ. ಬಾಗಿಲಿಗೆ ಬಂದದ್ದನ್ನ ಹೇಗೆ ವಾಪಸ್ ಕಳಿಸ್ಲಿ? ನಿಜ ಹೇಳಿದ್ರೆ ಅವಳಿಗೆ ಸಮಾಧಿ, ನನಗೆ ಬೂದಿ. ಅದು ನನಗೆ ಬೇಡ ಅನ್ನಿಸ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅನ್ನೋದು ಬರ್ಲೇ ಇಲ್ಲ.”

“ಈಗ?”

“ಈಗ ಏನು? ನನ್ನ ಗಂಡನ್ನ ನಾನು ಕಾಯ್ತಿದ್ದೀನಿ. ಅದಕ್ಕೆ ಸಂಬಳಾನೂ ಕೊಡ್ತಾರೆ.”

ಅವತ್ತಿನಿಂದ ಅವಳು ಕುರ್ಚಿಯನ್ನು ಬೇಲಿಗೆ ಒತ್ತಿಹಾಕಿ ಕೂರತೊಡಗಿದಳು. ದಂಟು ತಿನ್ನಲು ಬರುವ ಹುಳುಗಳನ್ನು ಕೈಯಿಂದ ಹೆಕ್ಕಿ ದೂರ ಎಸೆಯುತ್ತಿದ್ದಳು. ಒಬ್ಬಳೇ ಮಾತಾಡುತ್ತಿದ್ದಳೆಂದು ದಾರಿಹೋಕರು ನನಗೆ ಬಂದು ಹೇಳಿದರು. ಹೂ ಬಾಡಿ ದಂಟು ಬಿತ್ತು. ಮೇಡಂ, “ಒಳಗೆ ಯಾರೂ ಕಾಲಿಡದ ಹಾಗೆ ನೋಡ್ಕೊಳ್ಳಿ, ಗೆಡ್ಡೆ ಜೀವಂತ ಇದೆ,” ಎಂದು ಹೇಳಿ ಹೋದರು.

ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಸಮಾಧಿಯ ಮೇಲೆ ತರಗೆಲೆ ಬಿದ್ದು ಬಿದ್ದು ಗುಡ್ಡೆಯಾಗಿತ್ತು. “ಈ ಕಾವಲುಗಾರನಿಗೆ ಈಚೆಗೆ ಏನು ಬಂದಿದೆಯೋ,” ಎಂದು ಚಿಕ್ಕಮ್ಮ ಗೊಣಗುತ್ತಾ ತಾನೇ ಗುಡಿಸಿ ಬಂದಳು. ಮರುದಿನ ಅಜ್ಜಿ ನಮಗೆ ಹೇಳಿಕಳಿಸಿದಳು. ಒಂದೇ ಕೋಣೆಯ ಮನೆ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದಳು, ಕಿಟಕಿಯ ತುಂಬ ಬೂದಿಗುಡ್ಡ.

“ನನ್ನದಿನ್ನು ಮುಗೀತು,” ಎಂದಳು. “ಅವನದೊಂದು ಎಲುಬು ಸಿಕ್ಕಿದ್ರೂ ಸಾಕಿತ್ತಮ್ಮ. ಮಣ್ಣು ಹಾಕಿ ಹೋಗ್ತಿದ್ದೆ. ಎಲ್ಲೋ ಬದುಕಿದ್ದಾನೇನೋ, ಬಾಗಿಲು ತಟ್ಟಿದ್ರೆ ತೆಗೆಯೋರು ಯಾರು ಅಂತ ಸಾಯೋಕೂ ಭಯ ಆಗುತ್ತೆ.”

ಹೊರಗೆ ಬಂದ ಚಿಕ್ಕಮ್ಮ ಬೀದಿಯ ನಡುವೆ ನಿಂತುಬಿಟ್ಟಳು. “ಅವನನ್ನ ಅಗೆದು ಇವಳಿಗೆ ಕೊಟ್ಟುಬಿಡ್ತೀನಿ,” ಎಂದಳು.

“ಯಾರನ್ನ? ಚಿಕ್ಕಪ್ಪನ್ನಾ? ಸೀಟಿ ಅಂತ ಹೇಳಿ?”

“ನಾನೇನ್ ಹೇಳೋದು. ಮೇಲಿನ ಹಲಗೆ ಬಿಲ್ಲೆ ಹೇಳುತ್ತೆ. ಅವಳ ಮಗನ್ನ ನಾನು ಇಟ್ಕೊಂಡೆ, ನನ್ನ ಗಂಡನ್ನ ಅವಳು ಇಟ್ಕೊಳ್ಳಲಿ. ನೆಮ್ಮದಿಯಾಗಿ ಕಣ್ಣು ಮುಚ್ಚಲಿ.”

ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು. ಬೇಡ ಎಂದೆ, ಕಾಲು ಹಿಡಿಯುತ್ತೇನೆ ಎಂದೆ, ನಿಜ ಹೇಳಿಬಿಡು ಎಂದೆ. ತಾನು ಹಿಡಿದ ಹಠ ಬಿಟ್ಟವಳೇ ಅಲ್ಲ ಅವಳು. ಬೆಳಗಾಗುತ್ತಲೇ ಹಾರೆ, ಗುದ್ದಲಿ ಹಿಡಿದು ಹೊರಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ.

ಬೇಲಿಯ ತಂತಿಯನ್ನು ಅವಳೇ ಕಿತ್ತಳು. ಮೊದಲು ಸಿಕ್ಕದ್ದು ಗೆಡ್ಡೆಗಳು, ಮಣ್ಣುಬಣ್ಣದ ಸಣ್ಣ ಆಲೂಗಡ್ಡೆಗಳ ಹಾಗೆ. ಅವುಗಳ ಸುತ್ತ ಬಿಳಿ ಎಳೆಗಳು, ಹೊಲಿಗೆಯ ದಾರಕ್ಕಿಂತ ತೆಳು, ಕೆಳಕ್ಕೆ ಕೆಳಕ್ಕೆ ಇಳಿದಿದ್ದವು. ಚಿಕ್ಕಮ್ಮ ಗೆಡ್ಡೆಗಳನ್ನು ಬೂದಿ ಸಮೇತ ಒಂದು ಬಾಣಲೆಗೆ ಎತ್ತಿಟ್ಟಳು. ಬದುಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸೊಂಟದ ಆಳಕ್ಕೆ ಹೋಗುವಷ್ಟರಲ್ಲಿ ಹಲಗೆ ಸಿಕ್ಕಿತು. ಅಂಚು ಸುಟ್ಟು ಕರಕಲಾಗಿತ್ತು, ಉಳಿದದ್ದು ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗಾಗಿತ್ತು, ಮೇಲೆಲ್ಲ ಆ ಬಿಳಿ ಎಳೆಗಳ ಬಲೆ. ಅದರ ಕೆಳಗೆ ಅವನಿದ್ದ. ಎಲುಬುಗಳ ನಡುವೆ ಬಿಲ್ಲೆ. ಚಿಕ್ಕಮ್ಮ ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ನನ್ನ ಕಡೆ ನೋಡಲಿಲ್ಲ. “ಒಂದು ಲೋಟ ನೀರು ತಾರೆ,” ಎಂದಳು. ತಂದುಕೊಟ್ಟೆ. ಅದನ್ನು ಅವಳು ಕುಡಿಯಲಿಲ್ಲ, ಹೊಂಡದೊಳಗೆ ನಿಧಾನವಾಗಿ ಸುರಿದಳು. ಆಗ ನಾನು ಅತ್ತೆ. ಅವಳು ಅಳಲಿಲ್ಲ.

ಮೇಡಂ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ವಾರದ ಮೇಲೆ ಬಂದು ಹೊಂಡ ನೋಡಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಬಾಣಲೆಯಲ್ಲಿ ಸುಕ್ಕುಗಟ್ಟಿದ್ದ ಗೆಡ್ಡೆಯನ್ನು ಕೈಯಲ್ಲಿ ಹಿಡಿದು, “ಒಂದು ಮಾತು ನನಗೆ ಹೇಳಬಹುದಿತ್ತು,” ಎಂದರು. ಹೇಳಿದ್ದರೆ ಅವರು ಏನು ಮಾಡುತ್ತಿದ್ದರೋ ನನಗೆ ತಿಳಿಯದು. ಆ ಹೂವು ಆ ಮೇಲೆ ಗುಡ್ಡದಲ್ಲಿ ಕಾಣಲಿಲ್ಲ. ಎಲ್ಲಿಯಾದರೂ ಕಂಡಿತೆಂದು ಕೇಳಿಲ್ಲ.

ಎಲುಬುಗಳನ್ನಿಡಲು ನನ್ನ ಅಂಗಡಿಯ ಬಿಳಿ ಬಟ್ಟೆಯಲ್ಲಿ ನಾನೇ ಒಂದು ಚೀಲ ಹೊಲಿದೆ. ಸುದ್ದಿ ಹಬ್ಬಿ ಜನ ಸೇರಿದರು. ಮುದುಕನಾಗಿ ಕೆಮ್ಮುತ್ತಿದ್ದ ಮೇಸ್ತ್ರಿಯನ್ನೂ ಯಾರೋ ಕರೆತಂದರು. ಅವನು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು, “ಮೇಲಿನ ಹಲಗೇದು. ಸೀಟಿ. ಅನುಮಾನವೇ ಬೇಡ,” ಎಂದ. ಅಂದು ಹೇಗೆ ಹೇಳಿದ್ದನೋ ಹಾಗೆಯೇ. ಎಲ್ಲರೂ ಅಜ್ಜಿಯ ಮನೆಗೆ ನಡೆದರು.

ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಚಿಕ್ಕಮ್ಮ ಚೀಲವನ್ನು ಅವಳ ಮಡಿಲಲ್ಲಿಟ್ಟಳು. ಅಜ್ಜಿ ಅದನ್ನು ಅಪ್ಪಿಕೊಂಡು, ಕೆನ್ನೆ ಒತ್ತಿ, ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಅತ್ತಳು. ಕೋಣೆಯಲ್ಲಿ ನಿಂತವರೆಲ್ಲ ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಅಂದುಕೊಂಡಂತೆಯೇ ಎಲ್ಲ ನಡೆದಿತ್ತು. ಇನ್ನು ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದಿದ್ದರೆ ಮುಗಿದುಹೋಗುತ್ತಿತ್ತು.

ಅಜ್ಜಿ ಒಂದು ಕೈಯನ್ನು ಚೀಲದಿಂದ ಬಿಡಿಸಿ ಚಿಕ್ಕಮ್ಮನ ತಲೆಯ ಮೇಲಿಟ್ಟಳು. “ನೀನು ಕಾಯ್ತಿದ್ದ ಹೂವನ್ನೇ ಕಿತ್ತು ನನ್ನ ಮಗನ್ನ ತಂದುಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಗಂಡ ಎಲ್ಲಿದ್ದಾನೋ ಅಲ್ಲಿ ಅವನೂ ತಣ್ಣಗಿರಲಿ.”

ಚಿಕ್ಕಮ್ಮ ತಲೆಯ ಮೇಲಿನ ಕೈಯನ್ನು ತೆಗೆಯಲೂ ಆಗದೆ, ಎದ್ದು ಹೋಗಲೂ ಆಗದೆ ಒದ್ದಾಡಿದಳು.

“ಅಜ್ಜೀ,” ಎಂದಳು. “ಅವತ್ತು ನೀರು ಕುಡಿದಿದ್ರು.”

ಅಜ್ಜಿ ತೂಗುವುದನ್ನು ನಿಲ್ಲಿಸಿದಳು.

“ಇಬ್ಬರೂ?”

“ಇಬ್ಬರೂ. ನಾನೇ ಕೊಟ್ಟಿದ್ದೆ.”

ಅಜ್ಜಿ ಬೈಯಲಿಲ್ಲ, ಶಾಪ ಹಾಕಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಮಲಗಿದ ಕೂಸನ್ನು ಕೊಡುವ ಹಾಗೆ ಚಿಕ್ಕಮ್ಮನ ಮಡಿಲಿಗಿಟ್ಟಳು. ಆಮೇಲೆ ಮಂಚದ ಅಂಚು ಹಿಡಿದು ಎದ್ದಳು. ಎಷ್ಟೋ ದಿನಗಳಿಂದ ಎದ್ದಿರದ ಕಾಲು ನಡುಗುತ್ತಿತ್ತು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ಅದರ ಹಿಂದೆ ನಿಲ್ಲಿಸಿದ್ದ ಪೊರಕೆ ತೆಗೆದುಕೊಂಡಳು.

“ಎಲ್ಲಿಗೆ ಅಜ್ಜಿ? ಸ್ಮಶಾನಕ್ಕಾ?” ಎಂದ ಮೇಸ್ತ್ರಿ. “ಸಮಾಧಿ ಎಲ್ಲಿದೆ ಅಂತ ಗೊತ್ತಾ? ದಾರಿ ತೋರಿಸ್ಲಾ?”

“ಗೊತ್ತು,” ಎಂದಳು ಅಜ್ಜಿ, ತಿರುಗಿ ನೋಡದೆ. “ನಾನು ಗುಡಿಸಿ ಬಹಳ ದಿನ ಆಯ್ತು.”